ಬಿಳಿ ಹಾಳೆಯ ಹಿಂದೆ

ಬೀದಿಯವರೆಲ್ಲ ಅವನನ್ನು ವಿಡಿಯೋ ಮಾಮ ಎನ್ನುತ್ತಿದ್ದರು. ಮೂವತ್ತು ವರ್ಷ ಕ್ಯಾಮೆರಾ ಹೊತ್ತು ಬಲಭುಜ ಒಂದು ಬೆರಳಿನಷ್ಟು ಇಳಿದಿತ್ತು. ಕಸುಬು ಮಾತ್ರ ನಾಲಿಗೆಯಿಂದ ಇಳಿದಿರಲಿಲ್ಲ. ಗಂಡ ಹೆಂಡತಿ ಮಾತು ಬಿಟ್ಟರೆ "ಚಿತ್ರಕ್ಕೂ ದನಿಗೂ ಸಿಂಕ್ ಹೋಗಿದೆ" ಎನ್ನುವನು. ಪಕ್ಕದ ಮನೆ ಮಗು ಕಿರುಚಿದರೆ "ವಾಲ್ಯೂಮ್ ತಗ್ಸಮ್ಮ" ಎನ್ನುವನು. ಯಾರಾದರೂ ಹೇಳಿದ ಕಥೆಯನ್ನೇ ಮತ್ತೆ ಹೇಳಿದರೆ, "ಕಾಪಿಯದೇ ಕಾಪಿ, ಬಣ್ಣ ಹೋಗಿದೆ" ಎಂದು ಎದ್ದೇ ಹೋಗುವನು. ಇಂಥ ಆಸಾಮಿಯ ಜೊತೆ ಒಬ್ಬಳು ಆರು ವರ್ಷ ಬಾಳಿದಳೆಂದರೆ ಆ ತಾಯಿಯ ತಾಳ್ಮೆಗೆ ಕೈಮುಗಿಯಬೇಕು.

ಜ್ವರದಲ್ಲಿ ಅವಳು ಹೋದಾಗ ಮಗಳಿಗೆ ಎರಡು ವರ್ಷ. ಗೋಡೆಯ ಮೇಲೊಂದು ಫೋಟೋ ಉಳಿಯಿತು, ಅದರಲ್ಲೂ ತುಟಿ ಬಿಗಿದುಕೊಂಡಿದ್ದಾಳೆ. "ಅಮ್ಮ ಹೇಗೆ ನಗ್ತಿದ್ಲಪ್ಪಾ?" ಎಂದು ಕೇಳುತ್ತಲೇ ಮಗಳು ಬೆಳೆದಳು. ಊರವರ ಮದುವೆ, ಹುಟ್ಟುಹಬ್ಬ ಎಂದು ಸಾವಿರ ಕ್ಯಾಸೆಟ್ ತುಂಬಿಸಿಕೊಟ್ಟವನ ಬಳಿ ಹೆಂಡತಿಯದು ಒಂದು ಚೂರೂ ಇರಲಿಲ್ಲ. ದೀಪದ ಬುಡದಲ್ಲಿ ಕತ್ತಲು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ತನ್ನ ವಿಡಿಯೋ ಅಂಗಡಿ ಖಾಲಿ ಮಾಡುವ ದಿನ ಕಪಾಟಿನ ತಳದಲ್ಲಿ 'ಟೆಸ್ಟ್' ಎಂದು ಬರೆದ ಕ್ಯಾಸೆಟ್ ಸಿಕ್ಕಿತು. ಅದರಲ್ಲಿ ಏನಿದೆಯೆಂದು ಅವನಿಗೆ ತಟ್ಟನೆ ನೆನಪಾಯಿತು. ಆಗಿನ ಕ್ಯಾಮೆರಾಗಳಿಗೆ ಬಿಳಿ ಯಾವುದೆಂದು ಮೊದಲು ತೋರಿಸಬೇಕಿತ್ತು, ಬಿಳಿ ಸರಿಯಾದರೆ ಉಳಿದ ಬಣ್ಣಗಳು ತಾವೇ ಸರಿಹೋಗುತ್ತಿದ್ದವು. ವೈಟ್ ಬ್ಯಾಲೆನ್ಸ್ ಎಂದರೆ ಅಷ್ಟೇ. ಕೆಲಸಕ್ಕೆ ಹೊರಡುವ ಮುಂಚೆ ಅವನು ಹೆಂಡತಿಯನ್ನು ಕಿಟಕಿಯ ಬಳಿ ನಿಲ್ಲಿಸಿ, ಅವಳ ಕೈಗೊಂದು ಬಿಳಿ ಹಾಳೆ ಕೊಟ್ಟು, ಹತ್ತು ಸೆಕೆಂಡು ರೆಕಾರ್ಡ್ ಮಾಡಿ ನೋಡುತ್ತಿದ್ದ. ಆ ಹತ್ತು ಸೆಕೆಂಡುಗಳೆಲ್ಲ ಈ ಕ್ಯಾಸೆಟ್ಟಿನಲ್ಲಿದ್ದವು.

"ಬೇಗ ಬಾ, ನಿಮ್ಮಮ್ಮ ಇದ್ದಾಳೆ" ಎಂದು ಮಗಳಿಗೆ ಫೋನ್ ಮಾಡಿದ. ಟೇಪಿಗೆ ಬೂಷ್ಟು ಹಿಡಿದಿತ್ತು. ಎರಡು ದಿನ ಕೂತು ಮೆತ್ತನೆ ಬಟ್ಟೆಯಲ್ಲಿ ಗೇಣು ಗೇಣಾಗಿ ಒರೆಸಿದ. ಮಗಳು ಬಂದವಳು ಚಪ್ಪಲಿ ಬಿಟ್ಟವಳೇ ಟಿವಿಯ ಮುಂದೆ ಕೂತಳು.

ಮೊದಲು ಪರದೆಯ ತುಂಬ ಚುಕ್ಕೆ, ಅಡ್ಡ ಗೆರೆ. ಅವನು ವಿಸಿಆರ್‌ನ ಟ್ರ್ಯಾಕಿಂಗ್ ಗುಂಡಿ ತಿರುಗಿಸಿದ. ಗೆರೆ ಕೆಳಗೆ ಸರಿದು ಮರೆಯಾಯಿತು. ಕಿಟಕಿ ಬಂತು, ಬಿಳಿ ಹಾಳೆ ಬಂತು, ಅದನ್ನು ಎರಡೂ ಕಡೆ ಹಿಡಿದ ಬೆರಳುಗಳು ಬಂದವು. ಮುಖವಿದ್ದದ್ದು ಹಾಳೆಯ ಹಿಂದೆ.

"ಈಗ ಇಳಿಸ್ತಾಳೆ ನೋಡು" ಎಂದ.

ಇಳಿಸುವಷ್ಟರಲ್ಲಿ ಚಿತ್ರ ಕಡಿದುಹೋಯಿತು. ಬೇರೆ ದಿನ, ಬೇರೆ ಸೀರೆ, ಅದೇ ಹಾಳೆ. ಮತ್ತೆ ಕಡಿದುಹೋಯಿತು. ಬಿಳಿ ಸರಿಯಾದ ಗಳಿಗೆಯಲ್ಲೇ ರೆಕಾರ್ಡಿಂಗ್ ನಿಲ್ಲಿಸುವ ಗುಂಡಿ ಒತ್ತುವುದು ಅವನ ಹೆಬ್ಬೆರಳಿನ ಚಟವಾಗಿತ್ತು. ಒಂದಾದ ಮೇಲೊಂದು ಹಾಳೆ ಬಂದುಹೋದವು. ಪ್ರತಿ ಸಲವೂ ಅವನು "ಈಗ, ಈಗ" ಎನ್ನುತ್ತಿದ್ದ, ಬರಬರುತ್ತ ಅವನ ದನಿ ಸಣ್ಣದಾಯಿತು. ಮಗಳು ಪರದೆಗೆ ಮೂಗು ತಾಕುವಷ್ಟು ಹತ್ತಿರ ಸರಿದಿದ್ದಳು.

ಕೊನೆಯದರಲ್ಲಿ ಹಾಳೆ ಸ್ವಲ್ಪ ಜಾರಿತ್ತು. ಹಣೆ ಕಂಡಿತು, ಹುಬ್ಬು ಕಂಡಿತು.

"ರೀ, ದಿನಾ ಹಾಳೇನೇ ಹಿಡ್ಕೊಂಡು ನಿಂತಿರ್ಬೇಕಾ? ಒಂದ್ಸಲ ನನ್ನೂ ತೆಗೀರಿ" ಎಂದು ನಕ್ಕಳು. ನಗುವಿಗೆ ಹಾಳೆಯೂ ಅಲುಗಾಡಿತು.

ಅದಕ್ಕೆ ಅವನದೇ ದನಿ, ಹರೆಯದ ದನಿ, ಟಿವಿಯೊಳಗಿಂದ ಸಿಡುಕಿತು: "ಸುಮ್ನೆ ಟೇಪ್ ದಂಡ. ಹಾಳೆ ಮೇಲೆತ್ತೇ, ಮುಖ ಕಾಣ್ತಿದೆ."

ಹಾಳೆ ಮೇಲೇರಿತು. ಆಮೇಲೆ ಬರೀ ಚುಕ್ಕೆಗಳು.

ಮಗಳು ಬೈಯಲಿಲ್ಲ. ಕಣ್ಣೊರೆಸಿಕೊಂಡು ಅಪ್ಪನ ಕೈ ಹಿಡಿದಳು. "ಅಮ್ಮ ನಕ್ಕಿದ್ದು ಕೇಳಿಸ್ತಪ್ಪಾ" ಎಂದಳು.

ಅವನಿಗೆ ಮಾತ್ರ ತಾನು ಹೇಳಿದ್ದೇ ಕೇಳಿಸುತ್ತಿತ್ತು.