ಕಸೂತಿಗೆ ಒಗ್ಗದ ಆಕಾಶ

ನನ್ನ ಅಕ್ಕನಂಥ ಹಟಮಾರಿಯನ್ನು ನಾನು ಕಂಡಿಲ್ಲ. ಮೂರು ತಿಂಗಳಿಂದ ಮನೋರೋಗದ ಆಸ್ಪತ್ರೆಯಲ್ಲಿದ್ದರೂ ಅವಳ ಹಟಕ್ಕೆ ಮಾತ್ರ ಯಾವ ಕಾಯಿಲೆಯೂ ತಟ್ಟಿರಲಿಲ್ಲ. ಕೈಯಲ್ಲಿ ಕಸೂತಿಯಿದ್ದರೆ ಊಟ ಮಾಡುತ್ತಾಳೆ, ಇಲ್ಲದಿದ್ದರೆ ಗೋಡೆ ನೋಡುತ್ತ ಕೂರುತ್ತಾಳೆ ಎಂದು ಡಾಕ್ಟರು ಹೇಳಿದ್ದರು. ಅವಳ ಕೈ ಖಾಲಿಯಾಗದಂತೆ ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು. ಸನತ್‌ನಗರದ ನಮ್ಮ ಕಾಲನಿಯಲ್ಲಿ ಎಲ್ಲರಿಗೂ ಅವಳು ತವರಿಗೆ, ಧಾರವಾಡಕ್ಕೆ ಹೋಗಿದ್ದಾಳೆ ಎಂದಿದ್ದೆ.

ಗೋಪುರ, ನವಿಲು, ತುಳಸಿಕಟ್ಟೆ ಎಲ್ಲ ಮುಗಿಸಿಬಿಟ್ಟಳು. ಅಬಿಡ್ಸ್‌ನ ಫುಟ್‌ಪಾತಿನ ಪುಸ್ತಕದ ರಾಶಿಯಲ್ಲಿ ನನಗೆ ವಿದೇಶಿ ಕಲಾವಿದನೊಬ್ಬನ ಪ್ರಸಿದ್ಧ ಚಿತ್ರ ಸಿಕ್ಕಿತು: ಸುಳಿಸುಳಿಯಾಗಿ ತಿರುಗುವ ರಾತ್ರಿಯ ನೀಲಿ ಆಕಾಶ, ಹಳದಿ ನಕ್ಷತ್ರ, ಕೆಳಗೆ ಮಲಗಿದ ಊರು. ಅದನ್ನೂ ಹೊಸ ಬಟ್ಟೆಯನ್ನೂ ನೀಲಿ ರೇಷ್ಮೆ ಎಳೆಗಳನ್ನೂ ಗಂಡನ ಕೈಲಿ ಕಳಿಸಿದೆ. ಪ್ರತಿ ಭಾನುವಾರ ಹೋಗಿಬರುವವರು ಅವರೇ. ನನಗೆ ಮಕ್ಕಳ ಪರೀಕ್ಷೆ, ನೆಂಟರು, ಏನಾದರೊಂದು.

ಮರುವಾರ ಬಟ್ಟೆ ಹಾಗೇ ವಾಪಸು ಬಂತು, ಜೊತೆಗೊಂದು ಚೀಟಿ. "ಕಸೂತ್ಯಾಗ ಸುಳಿ ಬರಂಗಿಲ್ಲ. ಎಳಿ ಎಣಿಸಿ ನೆಟ್ಟಗ ಹೋಗಬೇಕು, ಇಲ್ಲಾ ಓರೆ ಹೋಗಬೇಕು. ಗಂಟ ಹಾಕಂಗಿಲ್ಲ, ಹಿಂದ ಮುಂದ ಒಂದ ಥರ ಇರಬೇಕು. ಮರ್ತೀಯೇನು?"

ತಲೆ ಚಚ್ಚಿಕೊಂಡೆ. ಆಸ್ಪತ್ರೆಯಲ್ಲಿ ಬಟ್ಟೆಯ ಹಿಂಬದಿ ತಿರುವಿ ನೋಡುವವರು ಯಾರು? ಗಂಟಾದರೂ ಹಾಕು, ಏನಾದರೂ ಹಾಕು ಮಾರಾಯ್ತಿ ಎಂದು ಬರೆದೆ. ಒಲ್ಲೆ ಎಂದಳು. ಕೊನೆಗೆ ಗ್ರಂಥಾಲಯದಲ್ಲಿ ಕೂತು ಚಿತ್ರದ ಕಥೆ ಓದಿ ನಾಲ್ಕು ಪುಟ ಬರೆದು ಬಟ್ಟೆಯ ಜೊತೆ ಮತ್ತೆ ಕಳಿಸಿದೆ. ಬಿಡಿಸಿದವನೂ ಇಂಥದೇ ಆಸ್ಪತ್ರೆಯಲ್ಲಿದ್ದ. ಕಿಟಕಿಯ ಸರಳಿನಾಚೆ ಕಂಡ ಆಕಾಶವನ್ನು ನೆನಪಿಟ್ಟುಕೊಂಡು ಹಗಲಿನಲ್ಲಿ ಬಿಡಿಸಿದ. ಬಣ್ಣ, ಕ್ಯಾನ್ವಾಸು ಎಲ್ಲ ಅವನ ತಮ್ಮ ತಪ್ಪದೆ ಕಳಿಸುತ್ತಿದ್ದ. ಅವನಿಗೇ ಚಿತ್ರ ಅಷ್ಟಾಗಿ ಹಿಡಿಸಲಿಲ್ಲ, ಈಗ ಜಗತ್ತೇ ಮೆಚ್ಚಿದೆ. ಇಷ್ಟಾದ ಮೇಲಾದರೂ ಸೂಜಿ ಹಿಡಿದಾಳು ಅಂದುಕೊಂಡೆ.

ಮುಂದಿನ ಭಾನುವಾರ ಗಂಡ ಬರಿಗೈಯಲ್ಲಿ ಬಂದರು.

"ಏನರ ಹಾಕ್ಯಾಳೇನ್ರಿ?"

"ಇಲ್ಲ. ಎರಡ ದಿನದಿಂದ ಉಂಡೂ ಇಲ್ಲಂತ. ನಿನಗೊಂದ ಮಾತ ಕೇಳ್ರಿ ಅಂದಾಳ."

"ಇನ್ನೇನಂತ? ನೀಲಿ ಸರಿ ಇಲ್ಲಂತೇನು?" ರೇಗಿದೆ.

"ಆ ಚಿತ್ರಾ ಬರದಂವನ ತಮ್ಮ ಆ ದವಾಖಾನಿಗೆ ಒಮ್ಮ್ಯಾರೆ ಬಂದಿದ್ನೇನಂತ."

ಉತ್ತರ ನನಗೆ ಗೊತ್ತಿತ್ತು. ಪುಸ್ತಕದಲ್ಲಿ ಓದಿದ್ದೆ, ಕಾಗದದಲ್ಲಿ ಬೇಕಂತಲೇ ಬಿಟ್ಟಿದ್ದೆ. ತಮ್ಮ ಅಲ್ಲಿಗೆ ಒಮ್ಮೆಯೂ ಹೋಗಿರಲಿಲ್ಲ. ಅಕ್ಕನ ಮೇಲೆ ಬಂದ ಸಿಟ್ಟೆಲ್ಲ ನನ್ನ ಮೇಲೇ ತಿರುಗಿತು.

ಮರುದಿನ ಬೆಳಿಗ್ಗೆಯೇ ಹೋದೆ. ಅಕ್ಕ ಬಹಳ ಇಳಿದುಹೋಗಿದ್ದಳು. ನನ್ನನ್ನು ನೋಡಿ ಅಳಲಿಲ್ಲ, ಬೈಯಲಿಲ್ಲ. ಮಂಚದಲ್ಲಿ ಸರಿದು ಜಾಗ ಮಾಡಿಕೊಟ್ಟು, "ಹಸಿವಾಗೇತಿ. ಉಣ್ಣಾಕ ಏನ್ ತಂದೀ?" ಅಂದಳು.

ಚೀಲದಲ್ಲಿ ಕೈ ಹಾಕಿದೆ. ಮತ್ತೆ ಎಳೆಗಳನ್ನೇ ತಂದಿದ್ದೆ.