ನಾನು ಮಾರಿದ ಟ್ಯೂಬು

ಗಿರಾಕಿ ಬಾಯಿ ತೆರೆಯುವ ಮೊದಲೇ ಸಲಹೆ ಕೊಡುವುದು ನನ್ನ ಹಳೆಯ ಚಟ. ತಲೆಯ ಮೇಲೆ ಬುಟ್ಟಿ ಹೊತ್ತು ಬಳೆ ಮಾರುತ್ತಿದ್ದವಳು ಈಗ ಶಹಾಬಾದಿನಲ್ಲಿ ಸ್ವಂತ ಫ್ಯಾನ್ಸಿ ಸ್ಟೋರ್ ಇಟ್ಟಿದ್ದೇನೆ; ಜನ ನನ್ನ ಮಾತು ನಂಬುತ್ತಾರೆ.

ಮಗಳು ಕಾಲೇಜು ಸೇರಿದ ವರ್ಷ ಅವಳ ಕೆನ್ನೆ ತುಂಬ ಮೊಡವೆ ಎದ್ದವು. ಮನೆಯ ಹಿಂದೆ ನೆಲಕ್ಕೆ ಹಾಸುವ ಫರಸಿ ಕಲ್ಲು ಪಾಲಿಶ್ ಮಾಡುವ ಮಷಿನ್ ಇತ್ತು. ಎಲ್ಲ ಆ ಧೂಳಿನದೇ ಕೆಲಸ ಎಂದು ದಿನಕ್ಕೆ ಆರು ಸಲ ಮುಖ ತೊಳೆಸಿದೆ. ಕಡಿಮೆಯಾಗಲಿಲ್ಲ. ಆಮೇಲೆ ಡಾಕ್ಟರ ಚೀಟಿ ಇಲ್ಲದೆ ಮೆಡಿಕಲ್ ಶಾಪಿನಿಂದ ಒಂದು ಟ್ಯೂಬು ತಂದೆ. ವಾರದಲ್ಲಿ ಮುಖ ನುಣುಪಾಯಿತು. ಅದೇ ಟ್ಯೂಬನ್ನು ಅಂಗಡಿಯಲ್ಲೂ ಇಟ್ಟು, ಬಂದವರಿಗೆಲ್ಲ ಮಗಳ ಮುಖ ತೋರಿಸಿ ಮಾರಿದೆ.

ಮೂರು ತಿಂಗಳ ಮೇಲೆ, ಇನ್ನು ಬೇಕಿಲ್ಲವೆಂದು ಮಗಳು ಹಚ್ಚುವುದು ಬಿಟ್ಟಳು. ಆ ವಾರವೇ ಮುಖ ಕೆಂಪೇರಿ ಉರಿಯತೊಡಗಿತು. ಮೊಡವೆ ಮೊದಲಿಗಿಂತ ಹೆಚ್ಚು. ಕಾಲೇಜು ನಿಂತಿತು. ಸ್ಕಾರ್ಫ್ ಬಿಗಿದುಕೊಂಡು ಅಂಗಡಿಯ ಮೂಲೆಯಲ್ಲಿ ಕೂರುತ್ತಿದ್ದಳು, ಮನೆಯಲ್ಲೂ ಬಿಚ್ಚುತ್ತಿರಲಿಲ್ಲ.

ಕಲಬುರಗಿಯ ಚರ್ಮದ ಡಾಕ್ಟರು ಟ್ಯೂಬನ್ನು ತಿರುಗಿಸಿ ನೋಡಿದರು.

“ಇದರಾಗ ಸ್ಟಿರಾಯ್ಡ್ ಅದ, ಚರ್ಮ ತೆಳ್ಳಗ ಮಾಡ್ತದ, ಹಚ್ಚೂದು ಬಿಟ್ರ ಹಿಂಗ ಉರಿದು ಏಳ್ತದ. ಮೊಡವಿ ಧೂಳಿನಿಂದ ಬಂದಿದ್ದಲ್ಲಮ್ಮ. ಈ ವಯಸ್ಸಿನಾಗ ಚರ್ಮದಾಗಿನ ಎಣ್ಣಿ ಹೆಚ್ಚಾಗಿ ಸಣ್ಣ ತೂತು ಕಟ್ಕೋತಾವ.”

“ಎಷ್ಟ ದಿನಕ್ಕ ಕಡಿಮಿ ಆಗ್ತದ್ರಿ?”

“ಆರು ತಿಂಗಳಾದ್ರೂ ಬೇಕು.”

“ಮೂರಕ್ಕ ಮುಗಸ್ರಿ.”

“ನೀವು ಅಂಗಡಿ ಇಟ್ಟೀರೇನು?” ಎಂದರು, ಬರೆಯುವುದನ್ನು ನಿಲ್ಲಿಸದೆ.

ಅಗ್ಗಕ್ಕೆ ಸಿಕ್ಕ ರೇಷ್ಮೆಯನ್ನು ನಾವು ಎರಡು ಸಲ ಮುಟ್ಟಿ ನೋಡುತ್ತೇವೆ. ವಾರದಲ್ಲಿ ಮೊಡವೆ ಅಳಿಸುವ ಮುಲಾಮನ್ನೂ ಹಾಗೆಯೇ ಅನುಮಾನಿಸಿ.

ಉಳಿದ ಟ್ಯೂಬುಗಳನ್ನು ಅಂಗಡಿಯಿಂದ ತೆಗೆದೆ. ಮರುವಾರ ಭಂಕೂರಿನ ಹಳೆಯ ಗಿರಾಕಿ ತನ್ನ ಮಗಳಿಗೆ ಮತ್ತೊಂದು ಬೇಕೆಂದು ಬಂದಳು.

“ಅದು ಬ್ಯಾಡ, ಡಾಕ್ಟರಿಗೆ ತೋರಸು,” ಎಂದೆ.

“ರೇಟ್ ಏರಸಾಕ ಮುಚ್ಚಿಟ್ಟೀಯೇನಕ್ಕ? ನಿನ್ನ ಆಟ ನನಗ ಗೊತ್ತಿಲ್ಲೇನು?”

ಎಷ್ಟೋ ಸಲ ಹಾಗೆ ಮಾಡಿದವಳೇ ನಾನು.

ಮಗಳು ಮೂಲೆಯಿಂದ ಎದ್ದು ಬಂದು ಸ್ಕಾರ್ಫಿನ ಗಂಟು ಬಿಚ್ಚಿದಳು.

“ನೋಡ್ರಿ ಚಿಗವ್ವ. ಇದು ಆ ಟ್ಯೂಬಿಂದೇ.”

ಗಿರಾಕಿ ಹತ್ತಿರ ಬಾಗಿ ಅವಳ ಮುಖ ನೋಡಿದಳು. ಆಮೇಲೆ ಆ ಡಾಕ್ಟರ ದವಾಖಾನೆ ಎಲ್ಲಿದೆ ಎಂದು ಕೇಳಿದಳು, ನನ್ನನ್ನಲ್ಲ, ಮಗಳನ್ನು.