ಮೇಸ್ತ್ರಿ ಕೇಳಿದ ಕೂಲಿ

ಮೇಸ್ತ್ರಿಯ ಎಡಗಿವಿ ಯಾವಾಗಲೂ ಕಪ್ಪಗಿರುತ್ತಿತ್ತು. ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ಹಿಡಿಯ ಗ್ರೀಸು ಕಿವಿಯಲ್ಲೇ ಮನೆ ಮಾಡಿತ್ತು. ಪುತ್ತೂರಿನ ಅವರ ತಗಡಿನ ಶೆಡ್ಡಿಗೆ ಬಂದು "ಪಂಪು ಹೋಗಿದೆ" ಎಂದವರ ಮೇಲೆ ಸಿಟ್ಟಾಗುತ್ತಿದ್ದರು. "ಎಂತ ಹೋಗಿದೆ ಅಂತ ನಾನು ಹೇಳ್ತೇನೆ. ಗಾಡಿ ಎಂತ ಮಾಡ್ತದೆ, ಅದು ಮಾತ್ರ ನೀವು ಹೇಳಿ."

ಎಪ್ಪತ್ತರ ದಶಕದ ಕೊನೆಯಲ್ಲಿ ನನ್ನದೊಂದು ಹಳೆಯ ಪೆಟ್ರೋಲ್ ಜೀಪು ಇತ್ತು. ಬಸ್ಸಿನ ಕ್ಲೀನರ್ ಆಗಿ ಶುರು ಮಾಡಿದವನು ನಾನು. ಚೌಕಾಸಿ ಮಾಡಿ ಮಾಡಿಯೇ ಜೀಪಿನ ಯಜಮಾನನಾದದ್ದು. ಸುಳ್ಯದಿಂದ ಮರ್ಕಂಜಕ್ಕೆ ಜನ, ಗೊಬ್ಬರ, ಮದುಮಕ್ಕಳು, ಎಲ್ಲರನ್ನೂ ಎಲ್ಲವನ್ನೂ ಸಾಗಿಸುತ್ತಿದ್ದೆ.

ಒಂದು ವರ್ಷ ಆ ಜೀಪು ಹಠ ಹಿಡಿಯಿತು. ಅರ್ಧ ಗಂಟೆ ಓಡಿದರೆ ಕೆಮ್ಮಿ ನಿಲ್ಲುವುದು. ಇಳಿದು, ಮುಚ್ಚಳ ತೆಗೆದು ಪೆಟ್ರೋಲ್ ಉಂಟಾ ಎಂದು ನೋಡಿ, ನಾಲ್ಕು ಬೈದು ಸೆಲ್ಫ್ ಹೊಡೆದರೆ ಏನೂ ಆಗದ ಹಾಗೆ ಹೊರಡುವುದು. ಸುಳ್ಯದ ಫಿಟ್ಟರ್ ಕಾರ್ಬುರೇಟರ್ ತೊಳೆದ, ಪಂಪು ಬಿಚ್ಚಿ ಕಟ್ಟಿದ. ಪ್ರಯೋಜನವಾಗಲಿಲ್ಲ. ನನ್ನ ಒಳ್ಳೆಯ ಪಂಪನ್ನು ತೆಗೆದು ಅವನು ಹಳೆಯದನ್ನು ಹಾಕಿದ್ದಾನೆಂದು ಪೇಟೆಯಿಡೀ ಸಾರಿದೆ. ಅಷ್ಟರಲ್ಲಿ ನನ್ನ ಜನ ಬೇರೆ ಜೀಪು ಹತ್ತತೊಡಗಿದ್ದರು. ಕೊನೆಗೆ ಸಿಕ್ಕಿದಷ್ಟಕ್ಕೆ ಮಾರಿಬಿಡುವುದೆಂದು ಉಪ್ಪಿನಂಗಡಿಯ ಗಿರಾಕಿಯೊಬ್ಬನಿಗೆ ಸೋಮವಾರ ಬರಹೇಳಿ, ಕೊನೆಯ ಪ್ರಯತ್ನವೆಂದು ಶನಿವಾರ ಮೇಸ್ತ್ರಿಯಲ್ಲಿಗೆ ಹೋಗಿ, ಫಿಟ್ಟರನ್ನು ಬೈದದ್ದನ್ನೂ ಹೇಳಿದೆ.

ಅವರು ಬಾನೆಟ್ ಮುಟ್ಟಲಿಲ್ಲ. ಪಕ್ಕದ ಸೀಟಿನಲ್ಲಿ ಕೂತು, "ನಿಲ್ಲುವವರೆಗೆ ಗಾಡಿ ಬಿಡು" ಎಂದರು.

ಕುಂಬ್ರ ದಾಟಿ ಒಂದು ಏರಿನಲ್ಲಿ ನಿಂತಿತು. ನಾನು ಇಳಿದೆ.

"ಎಲ್ಲಿಗೆ ಮಾರಾಯ?"

"ಪೆಟ್ರೋಲ್ ನೋಡ್ಲಿಕ್ಕೆ."

"ನಿಂತಾಗೆಲ್ಲ ನೋಡುದುಂಟಾ?"

"ನೋಡದೆ?"

"ಇವತ್ತು ನೋಡುದು ಬೇಡ. ಸುಮ್ಮನೆ ಹೊಡೆ."

ಎಷ್ಟು ಹೊಡೆದರೂ ಸ್ಟಾರ್ಟ್ ಆಗಲಿಲ್ಲ. ಆಮೇಲೆ ಅವರು ಬಗ್ಗಿ ಟ್ಯಾಂಕಿನ ಮುಚ್ಚಳವನ್ನು ಮೆಲ್ಲಗೆ ತಿರುಗಿಸಿದರು. ಸುಂಯ್ ಎಂದು ಟ್ಯಾಂಕು ಗಾಳಿ ಎಳೆದುಕೊಂಡಿತು. ಈಗ ಹೊಡೆದಾಗ ನಾಲ್ಕನೆಯ ಸಲಕ್ಕೆ ಎಂಜಿನ್ ಹಿಡಿಯಿತು.

ಮುಚ್ಚಳ ಮಗುಚಿದರೆ ಒಳಗೆ ಹಪ್ಪಳದ ಹಾಗೆ ಉಬ್ಬಿದ ರಬ್ಬರು. "ಇದು ಯಾವ ಬುದ್ಧಿವಂತ ಇಟ್ಟದ್ದು?"

ನಾನೇ. ಹೊಂಡದ ರಸ್ತೆಯಲ್ಲಿ ಪೆಟ್ರೋಲ್ ತುಳುಕದಿರಲೆಂದು, ನೆಲ್ಯಾಡಿಯ ಪರಿಚಯದವರೊಬ್ಬರ ತೋಟದ ರಬ್ಬರ್ ಶೀಟನ್ನು ದುಂಡಗೆ ಕತ್ತರಿಸಿ ವಾಷರ್ ಮಾಡಿದ್ದೆ. ಪುಕ್ಕಟೆ ಸಿಕ್ಕಿತ್ತು! ಅದು ಪೆಟ್ರೋಲಿಗೆ ಉಬ್ಬಿ, ಮುಚ್ಚಳದ ಗಾಳಿತೂತನ್ನೇ ಕಟ್ಟಿಬಿಟ್ಟಿತ್ತು. ಗಾಳಿ ಒಳಗೆ ಹೋಗದೆ ಪೆಟ್ರೋಲ್ ಹೊರಗೆ ಬರುವುದೆಲ್ಲಿಂದ? ಪ್ರತಿ ಸಲ ಮುಚ್ಚಳ ತೆಗೆದು ನಾನೇ ರೋಗ ಬಿಡಿಸುತ್ತಿದ್ದೆ, ಮುಚ್ಚಿ ಮತ್ತೆ ಅಂಟಿಸುತ್ತಿದ್ದೆ. ಗಾಡಿ ಇಟ್ಟವರಿಗೆ ನಾನು ಇಂದಿಗೂ ಹೇಳುವುದು ಇದನ್ನೇ: ಮೆಕ್ಯಾನಿಕ್ಕಿನ ಹತ್ತಿರ ಹೋಗುವ ಮೊದಲು, ನೀವೇನು ಮಾಡಿದ್ದೀರಿ ನೆನಪು ಮಾಡಿಕೊಳ್ಳಿ.

"ಕೂಲಿ ಸ್ವಲ್ಪ ನೋಡಿ ಹೇಳಿ" ಎಂದೆ.

"ದುಡ್ಡು ಬೇಡ. ಆ ಸುಳ್ಯದ ಫಿಟ್ಟರಿಗೆ, ತಪ್ಪು ನಂದು ಅಂತ ಹೇಳಿ ಬಾ. ನಾಲ್ಕು ಜನ ಕೇಳುವ ಹಾಗೆ."

"ಅವನ ಶೆಡ್ಡಿನೊಳಗೆ ಹೇಳಿದ್ರೆ ಸಾಲದಾ?"

"ನೀನು ಬೈದದ್ದು ಶೆಡ್ಡಿನೊಳಗಾ?"

"ಇಬ್ಬರು ಕೇಳಿದ್ರೆ?"

"ಇದರಲ್ಲಿಯೂ ಚೌಕಾಸಿಯಾ ಮಾರಾಯ! ನಾಲ್ಕು ಅಂದ್ರೆ ನಾಲ್ಕು."

ಭಾನುವಾರ ಸುಳ್ಯ ಪೇಟೆಯ ಹೋಟೆಲಿನ ಜಗಲಿಯಲ್ಲಿ, ನಾಲ್ಕು ಜನರ ಎದುರು, ಫಿಟ್ಟರಿಗೆ ತಪ್ಪು ನನ್ನದೆಂದು ಹೇಳಿದೆ. "ನಿಮ್ಮ ಮಾತು ಕೇಳಿ ಮೂರು ಗಾಡಿ ನನ್ನಲ್ಲಿಗೆ ಬರುದು ಬಿಟ್ಟಿದೆ, ಗೊತ್ತುಂಟಾ?" ಎಂದ ಫಿಟ್ಟರ್. ಗೊತ್ತಿರಲಿಲ್ಲ. ಆ ಮೂವರ ಮನೆಗೂ ಅಂದೇ ಜೀಪು ಬಿಟ್ಟುಕೊಂಡು ಹೋಗಿ ಹೇಳಿ ಬಂದೆ. ರಬ್ಬರು ಕಿತ್ತ ಮೇಲೆ ಎಲ್ಲಿಯೂ ಗಾಡಿ ನಿಲ್ಲಲಿಲ್ಲ. ಸೋಮವಾರ ಬಂದ ಗಿರಾಕಿಗೆ ಕಾಫಿ ಕುಡಿಸಿ ಕಳುಹಿಸಿದೆ.

ಎಂಬತ್ತರ ದಶಕದ ಕೊನೆಗೆ ಮೇಸ್ತ್ರಿ ತೀರಿಕೊಂಡಾಗ ನನಗೆ ಎರಡು ಜೀಪುಗಳಿದ್ದವು, ಒಂದು ಕಡಬದ ಕಡೆಗೆ ಓಡುತ್ತಿತ್ತು. ಹಳೆಯದರಲ್ಲಿ ಪುತ್ತೂರಿಗೆ ಹೊರಟೆ. ಪಕ್ಕದಲ್ಲಿ ಸುಳ್ಯದ ಫಿಟ್ಟರ್ ಕೂತಿದ್ದ. ಅಷ್ಟು ವರ್ಷಗಳಲ್ಲಿ ನನ್ನ ಗಾಡಿಗಳಿಗೆ ಅವನಲ್ಲದೆ ಬೇರೆ ಯಾರೂ ಸ್ಪ್ಯಾನರ್ ಹಾಕಿದ್ದಿಲ್ಲ.